ಐಫೋನಲ್ಲಿ ಯೂನಿವರ್ಸಿಟಿ ಡೈರೆಕ್ಟರಿ: ಅಕೌಂಟ್ ಸೇರ್ತು, ಹೆಸರೊಂದೂ ಕಾಣ್ತಿಲ್ಲ

ರಾಗಿಮುದ್ದೆ_ಹಾಸನ:
ಮನೆ ಹಾಸನ, ಗುಮಾಸ್ತಿಕೆ ಬೇರೆ ಊರಿನ ಒಂದು ಯೂನಿವರ್ಸಿಟಿಯಲ್ಲಿ. ಸೋಮವಾರ ಬೆಳಗ್ಗೆ ಬಸ್ಸು ಹೊಳೆನರಸೀಪುರ ದಾಟೋ ಹೊತ್ತಿಗೆ ಸರಿಯಾಗಿ ಯಾರಾದ್ರೂ ಫೋನ್ ಮಾಡಿ "ಆ ಡಿಪಾರ್ಟ್‌ಮೆಂಟಿನವರ ನಂಬರ್ ಕೊಡಿ" ಅಂತಾರೆ. ನಂಬರ್ ಪುಸ್ತಕ ಆಫೀಸಿನ ಡ್ರಾಯರ್‌ನಲ್ಲಿ. ಅದ್ರಲ್ಲೂ ಅರ್ಧ ಜನ ರಿಟೈರಾಗಿದಾರೆ.

ಈಗ ಡೈರೆಕ್ಟರಿ ಎಲ್‌ಡಿಎಪಿ ಸರ್ವರ್‌ನಲ್ಲಿದೆಯಂತೆ, ಅಂದ್ರೆ ಹೆಸರು, ನಂಬರ್ ಎಲ್ಲಾ ಒಂದೇ ಕಡೆ ಇಟ್ಟು ಕೇಳಿದವರಿಗೆ ಹುಡುಕಿಕೊಡೋ ವ್ಯವಸ್ಥೆ. ಮಗಳ ಹಳೇ ಐಫೋನಿಗೆ ಸರ್ವರ್ ಹೆಸರು, ಪಾಸ್‌ವರ್ಡ್ ಎಲ್ಲಾ ಹಾಕಿದೆ. ಟಿಕ್ ಬಂತು. ಕಾಂಟ್ಯಾಕ್ಟ್ಸ್ ತೆಗೆದ್ರೆ ಅದೇ ಹಾಲಿನವನು, ಗ್ಯಾಸಿನವನು, ನನ್ನ ಷಡ್ಡಕ. ಏನು ತಪ್ಪಿದೆ?

ಕಾಫಿತೋಟ_ಮೂಡಿಗೆರೆ:
ಮಾರಾಯ್ರೇ, ಅದು ಪಟ್ಟಿಯಾಗಿ ಕಾಣೋದಿಲ್ಲ. ಹೆಸರುಗಳು ಫೋನಿಗೆ ಇಳಿಯೋದೇ ಇಲ್ಲ. ಹುಡುಕಿದಾಗ ಮಾತ್ರ ಸರ್ವರನ್ನ ಕೇಳಿ ತರುತ್ತೆ. ಮೇಲಿನ ಸರ್ಚ್ ಜಾಗದಲ್ಲಿ ಹೆಸರು ಟೈಪ್ ಮಾಡಿ ನೋಡಿ.

ಆಗಲೂ ಬರದಿದ್ರೆ ಆ ಅಕೌಂಟಿನ ಒಳಗೆ ಸರ್ಚ್ ಸೆಟ್ಟಿಂಗ್ಸ್ ಇದೆ. ಸರ್ಚ್ ಬೇಸ್ (ಡೈರೆಕ್ಟರಿಯ ಯಾವ ಜಾಗದಿಂದ ಹುಡುಕಬೇಕು ಅಂತ ಹೇಳೋ ಸಾಲು) ತಪ್ಪಿದ್ರೆ ಲಾಗಿನ್ ಸರಿಯಾಗಿ ಆಗುತ್ತೆ, ಉತ್ತರ ಮಾತ್ರ ಬರಲ್ಲ. ಆ ಸಾಲನ್ನ ಊಹಿಸಬೇಡಿ, ಕಂಪ್ಯೂಟರ್ ಸೆಂಟರಿನವರಿಂದ ಬರೆಸಿಕೊಳ್ಳಿ. ಸ್ಕೋಪ್ (ಎಷ್ಟು ಆಳಕ್ಕೆ ಹುಡುಕಬೇಕು ಅನ್ನೋದು) ಸಬ್‌ಟ್ರೀ ಇರಲಿ, ಆಗ ಕೆಳಗಿನ ಎಲ್ಲಾ ವಿಭಾಗಗಳಲ್ಲೂ ಹುಡುಕುತ್ತೆ. ಎಸ್ಎಸ್ಎಲ್ ಆನ್ ಇಡಿ, ಹೋಗಿಬರೋ ಮಾಹಿತಿ ದಾರೀಲಿ ಬೇರೆಯವರು ಓದೋಕಾಗಲ್ಲ. ಸಾಮಾನ್ಯವಾಗಿ ಅದಕ್ಕೆ ಪೋರ್ಟ್ (ಸರ್ವರಿನ ಬಾಗಿಲ ನಂಬರ್ ಇದ್ದ ಹಾಗೆ) 636, ಇಲ್ಲದಿದ್ರೆ 389.

ಅಂದಹಾಗೆ ಈ ಎಲ್‌ಡಿಎಪಿ ಹುಟ್ಟಿದ್ದೂ ಯೂನಿವರ್ಸಿಟಿಯಲ್ಲೇ, ಅಮೆರಿಕದ ಮಿಷಿಗನ್‌ನಲ್ಲಿ, 1993ರ ಸುಮಾರಿಗೆ.

ಬೇಲೂರು_ಹುಡುಗ:
ಆಂಡ್ರಾಯ್ಡ್‌ನವರು ಈ ಸೆಟ್ಟಿಂಗ್ ಹುಡುಕಬೇಡಿ, ಫೋನಲ್ಲೇ ಬಂದಿರಲ್ಲ, ಬೇರೆ ಆ್ಯಪ್ ಬೇಕು. ಆಫೀಸಿನ ಮೇಲ್ ಗೂಗಲ್‌ದೋ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ದೋ ಆಗಿದ್ರೆ ಆ ಅಕೌಂಟ್ ಸೇರಿಸಿ ಸಾಕು, ಅಡ್ಮಿನ್ ಅನುಮತಿ ಕೊಟ್ಟಿದ್ರೆ ಡೈರೆಕ್ಟರಿ ಜೊತೆಗೇ ಬರುತ್ತೆ. ಇನ್ನೊಂದು ಕೇಳಿ ಸಾರ್: ಸರ್ವರ್ ಕ್ಯಾಂಪಸ್ ಒಳಗೆ ಮಾತ್ರ ಸಿಗೋದಾ? ಹಾಗಿದ್ರೆ ಬಸ್ಸಿನಲ್ಲಿ ವಿಪಿಎನ್ ಬೇಕಾಗುತ್ತೆ, ಅಂದ್ರೆ ಹೊರಗಿಂದಲೇ ಕ್ಯಾಂಪಸ್ ನೆಟ್‌ವರ್ಕಿಗೆ ಸೇರಿಸೋ ವ್ಯವಸ್ಥೆ.

ರಾಗಿಮುದ್ದೆ_ಹಾಸನ:
ಬಂತು ಕಣ್ರೀ! ಸರ್ಚ್ ಬೇಸ್‌ನಲ್ಲಿ ಒಂದು ಕಾಮಾ ಬಿಟ್ಟಿದ್ದೆ. ಬೇಲೂರಿನವರು ಹೇಳಿದ್ದೂ ನಿಜ, ಆಫೀಸ್ ವೈಫೈ ಬಿಟ್ರೆ ಸಿಗ್ತಿರಲಿಲ್ಲ, ವಿಪಿಎನ್ ಹಾಕಿಸಿಕೊಂಡೆ. ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಕನ್ನಡದಲ್ಲಿ ಹೊಡೆದ್ರೆ ಸರ್ವರ್ ಬಾಯೇ ಬಿಡಲ್ಲ.

ಖುಷಿಗೆ ಮೊದಲು ಹುಡುಕಿದ್ದು "ಗೌಡ" ಅಂತ. ಬೆರಳು ನೋಯೋವರೆಗೂ ಕೆಳಗೆ ಎಳೆದೆ, ಬೇಕಾದವರು ಸಿಗಲಿಲ್ಲ. ಇನ್ಮೇಲೆ ಇನಿಷಿಯಲ್ ಕೇಳ್ಕೊಂಡೇ ಹುಡುಕೋದು.