ಸಹಾಯ ಬೇಕು: ದೋಣಿಯ ಕ್ಯಾಬಿನ್‌ಗೆ ಯಾವ ಕಾರ್ಪೆಟ್ ಹಾಕಲಿ?

ದೋಣಿಯ ಕ್ಯಾಬಿನ್‌ನಲ್ಲಿದ್ದ ಹಳೇ ಕಾರ್ಪೆಟ್ ಕಿತ್ತು ಹಾಕಿದ್ದೇನೆ. ಸದಾ ಒದ್ದೆ, ಮುಗ್ಗಲು ವಾಸನೆ ಬೇರೆ. ಅಡಿಯಲ್ಲಿದ್ದ ಫೋಮ್ ಪುಡಿಪುಡಿಯಾಗಿ ನೆಲಕ್ಕೇ ಅಂಟಿಕೊಂಡಿದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದು ಕೆರೆದು ಕೈ ಸೋತುಹೋಯಿತು. ಸುಲಭದ ದಾರಿ ಏನಾದರೂ ಇದೆಯಾ?

ಹೊಸದಕ್ಕೆ ಪಾಲಿಪ್ರೊಪಿಲೀನ್ ನೂಲಿನದೇ ಸರಿ ಅನ್ನಿಸುತ್ತದೆ. ಆ ನೂಲು ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಗೊಂದಲ ಇರುವುದು ತಳದ ಬಗ್ಗೆ. ರಬ್ಬರ್ ತಳ ಇದ್ದರೆ ಜಾರುವುದಿಲ್ಲ, ಸರಿ. ಆದರೆ ಅಡಿಗೆ ಇಳಿದ ನೀರು ಅಲ್ಲೇ ನಿಂತು ಪ್ಲೈವುಡ್ ಕೊಳೆಯುತ್ತದೆ ಅಲ್ವಾ?

ನೆಲಕ್ಕೆ ಪೂರ್ತಿ ಅಂಟಿಸಲು ಮನಸ್ಸಿಲ್ಲ. ಬಿಲ್ಜ್ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ನೋಡಲು ನೆಲದ ಮುಚ್ಚಳ ತೆಗೆಯಬೇಕು, ಕಾರ್ಪೆಟ್ ಹೊರಗೆ ಹಾಕಿ ಒಣಗಿಸಬೇಕು. ಸ್ನ್ಯಾಪ್ ಬಟನ್ ಹಾಕೋಣ ಅಂತಿದ್ದೇನೆ. ಸ್ಕ್ರೂ ತೂತಿನಲ್ಲಿ ನೀರು ಇಳಿಯದಿರಲು ಬರೀ ಸೀಲಂಟ್ ಸಾಕಾ, ಇಲ್ಲ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ ಮತ್ತೆ ಕೊರೆಯಬೇಕಾ?

ಪಕ್ಕದ ಗೋಡೆಗಳಲ್ಲಿ ಬಾಗು ಜಾಸ್ತಿ. ಅಲ್ಲಿಗೆ ಎಳೆದರೆ ಹಿಗ್ಗುವ ತೆಳು ಕಾರ್ಪೆಟ್ಟೇ ಬೇಕು, ಅಂಟಿಸಲೇಬೇಕು. ಮುಚ್ಚಿದ ಕ್ಯಾಬಿನ್‌ನ ಸೆಕೆಗೆ ಬಿಟ್ಟುಕೊಳ್ಳದ ಅಂಟು ಯಾವುದು? ಹಳೇ ತುಂಡುಗಳನ್ನು ಅಳತೆಗೆಂದು ಇಟ್ಟುಕೊಂಡಿದ್ದೇನೆ, ಆದರೆ ಕುಗ್ಗಿದಂತಿವೆ. ಕಾಗದ ಹಾಸಿ ಹೊಸದಾಗಿ ಮಾದರಿ ಕತ್ತರಿಸುವುದೇ ವಾಸಿಯಾ?

ಸ್ವತಃ ಮಾಡಿದವರು ಹೇಳಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.