ಅಪ್‌ಡೇಟ್: ಸುದ್ದಿ ಮಾಧ್ಯಮವನ್ನು ಚುಚ್ಚುವ ಹಳೇ ಸಿನಿಮಾ ಸಿಕ್ಕಿತು

ಸುದ್ದಿ ಮಾಧ್ಯಮವನ್ನು ಲೇವಡಿ ಮಾಡುವ, ಜಾಸ್ತಿ ಜನ ನೋಡಿರದ ಹಳೇ ಸಿನಿಮಾ ಹೇಳಿ ಅಂತ ಕೇಳಿದ್ದೆನಲ್ಲ, ಕೊನೆಗೂ ಸಿಕ್ಕಿತು. ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ 1951ರ ‘ಏಸ್ ಇನ್ ದ ಹೋಲ್’. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಬೇರೆ ಸಿನಿಮಾಗಳಲ್ಲಿ ‘ನೆಟ್‌ವರ್ಕ್’ ಮೊದಲೇ ನೋಡಿದ್ದೆ. ‘ಹಿಸ್ ಗರ್ಲ್ ಫ್ರೈಡೇ’ ಚೆನ್ನಾಗಿದೆ, ಆದರೆ ಪ್ರೇಮದ ಜಗಳವೇ ಜಾಸ್ತಿ.

‘ಏಸ್ ಇನ್ ದ ಹೋಲ್’ನಲ್ಲಿ ಒಬ್ಬ ಗುಹೆಯೊಳಗೆ ಸಿಕ್ಕಿಕೊಂಡಿದ್ದಾನೆ. ಸುದ್ದಿ ಇನ್ನಷ್ಟು ದಿನ ಓಡಲಿ ಅಂತ ವರದಿಗಾರ ರಕ್ಷಣೆಯನ್ನೇ ತಡ ಮಾಡಿಸುತ್ತಾನೆ. ಹೊರಗೆ ಜಾತ್ರೆ! ಮೊದಲು ಉಚಿತ ಅಂತಿದ್ದ ಪ್ರವೇಶದ ಬೋರ್ಡಿನಲ್ಲಿ ದರ ಏರುತ್ತಲೇ ಹೋಗುತ್ತದೆ. ಅದನ್ನು ನೋಡಿ ಹೊಟ್ಟೆ ತೊಳಸಿದಂತಾಯಿತು.

ಆಮೇಲೆ ಗೊತ್ತಾಯಿತು, 1925ರಲ್ಲಿ ಅಮೆರಿಕದ ಕೆಂಟಕಿಯ ಗುಹೆಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬಾತ ನಿಜವಾಗಿ ಸಿಕ್ಕಿಬಿದ್ದಾಗಲೂ ಜನ ಹೀಗೇ ಮುಗಿಬಿದ್ದಿದ್ದರು. ಅದನ್ನು ವರದಿ ಮಾಡಿದ ಪತ್ರಕರ್ತನಿಗೆ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಬಂತು. ಆದರೆ ಸಿನಿಮಾದ ವರದಿಗಾರನಂತಲ್ಲ, ಆತ ತಾನೇ ತೆವಳಿಕೊಂಡು ಒಳಗೆ ಹೋಗಿ, ಕಾಲಿನ್ಸ್‌ನನ್ನು ಬಿಡಿಸಲು ಹೆಣಗಿದ್ದವನು.