ಚುನಾವಣಾ ಡ್ಯೂಟಿಯಲ್ಲಿ ಬಿದ್ದು ಕಾಲು ಮುರಿದಿದೆ, ಪರಿಹಾರದ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಶಿರಸಿ ತಾಲೂಕಿನಲ್ಲಿ ಪ್ರಾಥಮಿಕ ಶಾಲೆ ಟೀಚರ್. 2024ರ ಮೇ 7ರ ಲೋಕಸಭೆ ಮತದಾನ ಮುಗಿಸಿ, ರಾತ್ರಿ ಮತಯಂತ್ರದ ಪೆಟ್ಟಿಗೆ ಹಿಡಿದುಕೊಂಡು ಬಸ್ಸಿಂದ ಇಳಿಯುವಾಗ ಜಾರಿ ಬಿದ್ದು ಮೊಣಕಾಲು ಮುರಿಯಿತು. ಪ್ಲೇಟ್ ಹಾಕಿದ್ದಾರೆ, ಕಾಲು ಇನ್ನೂ ಪೂರ್ತಿ ಮಡಚಲು ಆಗುತ್ತಿಲ್ಲ. ಭತ್ಯೆ ಸಿಕ್ಕಿದೆ, ಅದರ ತಕರಾರಿಲ್ಲ. ಆಸ್ಪತ್ರೆ ಖರ್ಚು ಮಾತ್ರ ಎಲ್ಲ ಕೈಯಿಂದಲೇ.

ಡ್ಯೂಟಿಯಲ್ಲಿ ತೀರಿಕೊಂಡರೆ ಕನಿಷ್ಠ 15 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 7.5 ಲಕ್ಷ ಅಂತ ಚುನಾವಣಾ ಆಯೋಗದ ನಿಯಮವೇ ಇದೆ. ಮನೆ ಬಿಟ್ಟಾಗಿಂದ ವಾಪಸ್ ಸೇರುವವರೆಗೂ ಡ್ಯೂಟಿಯೇ. ಆದರೂ ಕಚೇರಿಯಲ್ಲಿ "ಕಾಲು ಹೋಗಿಲ್ಲವಲ್ಲ" ಅಂದು ಕಳಿಸಿದರು. ಡ್ಯೂಟಿಗೆ ಬರದಿದ್ದರೆ ನೋಟಿಸ್ ಕೊಡ್ತಾರೆ, ಬಿದ್ದವರನ್ನು ಕೇಳೋರಿಲ್ಲ ಅಂದ್ರೆ ಹೇಗೆ?

ಅಂಗವೈಕಲ್ಯ ಪ್ರಮಾಣಪತ್ರ ಕಾರವಾರದಲ್ಲೇ ಮಾಡಿಸಬೇಕಾ? ಜಿಲ್ಲಾಧಿಕಾರಿಗಳಿಗೆ ನೇರ ಅರ್ಜಿ ಕೊಡಬಹುದಾ? ಡ್ಯೂಟಿ ಆದೇಶ, ಡಿಸ್ಚಾರ್ಜ್ ಕಾಗದ ಎಲ್ಲ ಇದೆ. ಇಂಥ ಪರಿಹಾರ ಪಡೆದವರಿದ್ದರೆ ದಯವಿಟ್ಟು ತಿಳಿಸಿ.